ಧಾರವಾಡದ ಗಟಾರದಿಂದ ಹೊರಟ ಪ್ಲಾಸ್ಟಿಕ್ ಯಾವ ಸಮುದ್ರ ಸೇರುತ್ತದೆ, ಸೇರಿದ ಮೇಲೆ ಏನಾಗುತ್ತದೆ?

ಶಾಲ್ಮಲೆಯ ನೆರೆಯವ, ಧಾರವಾಡ

ಎಲ್ಲರಿಗೂ ನಮಸ್ಕಾರ. ಈ ಸಲದ ಮೊದಲ ದೊಡ್ಡ ಮಳೆ ಸುರಿದ ಮರುದಿನ ಬೆಳಿಗ್ಗೆ ನಮ್ಮ ಓಣಿಯ ಗಟಾರದ ಮುಂದೆ ನಿಂತಾಗ ಹುಟ್ಟಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಬೇಸಿಗೆಯುದ್ದಕ್ಕೂ ಅಲ್ಲಿ ಕಟ್ಟಿಕೊಂಡು ನಿಂತಿದ್ದ ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಕ್ಯಾರಿಬ್ಯಾಗು, ಮದುವೆ ಊಟದ ಸಣ್ಣ ನೀರಿನ ಬಾಟಲಿ ಎಲ್ಲವೂ ಒಂದೇ ರಾತ್ರಿಯಲ್ಲಿ ಮಾಯವಾಗಿದ್ದವು. ಪಕ್ಕದ ಮನೆಯ ಹಿರಿಯರು, "ಛಲೋ ಆತ್ ಬಿಡ್ರಿ, ಮಳಿ ಬಂದು ಎಲ್ಲಾ ಸ್ವಚ್ಛ ಮಾಡಿ ಹೋತು" ಎಂದು ಸಂತೋಷಪಟ್ಟರು. ಮಳೆ ಸ್ವಚ್ಛ ಮಾಡಿದ್ದು ನಮ್ಮ ಓಣಿಯನ್ನು. ಆ ಕಸ ಹೋಗಿ ನಿಂತದ್ದು ಎಲ್ಲಿ ಎಂಬ ಯೋಚನೆ ಎರಡು ದಿನ ನನ್ನನ್ನು ಬಿಡಲಿಲ್ಲ.

ನಮ್ಮ ಊರು ನೀರು ಎರಡಾಗಿ ಒಡೆಯುವ ದಿಬ್ಬದ ಮೇಲಿದೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಕಲಘಟಗಿಯ ಕಡೆಗೆ ಹರಿದು ಬೇಡ್ತಿಯನ್ನು ಕೂಡುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಮುಂದೆ ಗಂಗಾವಳಿ ಎಂದು ಹೆಸರು ಬದಲಿಸಿಕೊಂಡು, ಅಂಕೋಲಾ ಮತ್ತು ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವದ ಕಡೆ ಬಿದ್ದ ನೀರಿನ ಹಾದಿಯೇ ಬೇರೆ: ತುಪ್ಪರಿಹಳ್ಳ, ಬೆಣ್ಣೆಹಳ್ಳ, ಮಲಪ್ರಭೆ, ಕೂಡಲಸಂಗಮದಲ್ಲಿ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಒಂದೇ ಊರಿನ ಕಸಕ್ಕೆ ಎರಡು ಸಮುದ್ರಗಳ ಬಾಗಿಲು ತೆರೆದಿದೆ ಎಂದಾಯಿತು.

ತಿಳಿದವರಲ್ಲಿ ನನ್ನ ಪ್ರಶ್ನೆ ಎರಡು. ನಮ್ಮ ಪ್ಲಾಸ್ಟಿಕ್ ನಿಜವಾಗಿಯೂ ಅಷ್ಟು ದೂರ ಹೋಗುತ್ತದೆಯೇ? ಹೋದರೆ ಅಲ್ಲಿ ಅದರ ಗತಿ ಏನು? ಏಳನೆಯ ತರಗತಿಯ ನನ್ನ ಮಗಳು ಪೆಸಿಫಿಕ್ ಸಾಗರದಲ್ಲಿ ಪ್ಲಾಸ್ಟಿಕ್ಕಿನ ದ್ವೀಪವಿದೆ, ಅದರ ಮೇಲೆ ಜನ ನಡೆದಾಡಬಹುದು ಎಂದು ಪ್ರಬಂಧದಲ್ಲಿ ಬರೆದಿದ್ದಾಳೆ. ಅದನ್ನು ತಿದ್ದಬೇಕೋ ಬಿಡಬೇಕೋ ನನಗೆ ತಿಳಿಯದು.

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಹುಬ್ಬಳ್ಳಿ

ತಿದ್ದಬೇಕು. ಆದರೆ ಮಗುವನ್ನು ಬೈಯಬೇಡಿ, ಆ ದ್ವೀಪ ದೊಡ್ಡವರ ತಲೆಯಲ್ಲೂ ಭದ್ರವಾಗಿ ಕುಳಿತಿದೆ. ಹವಾಯಿ ಮತ್ತು ಕ್ಯಾಲಿಫೋರ್ನಿಯಾದ ನಡುವಿನ ಆ ಜಾಗವನ್ನು ಚಾರ್ಲ್ಸ್ ಮೂರ್ ಎಂಬ ನಾವಿಕರು 1997ರಲ್ಲಿ ಹಾಯಿದೋಣಿಯ ಸ್ಪರ್ಧೆ ಮುಗಿಸಿ ಮರಳುವಾಗ ಕಂಡು ಲೋಕಕ್ಕೆ ತಿಳಿಸಿದರು. 2018ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅದರ ವಿಸ್ತಾರ 16 ಲಕ್ಷ ಚದರ ಕಿಲೋಮೀಟರ್, ಅಂದರೆ ಎಂಟು ಕರ್ನಾಟಕಗಳಿಗಿಂತ ಹೆಚ್ಚು; ಅದರಲ್ಲಿ ತೇಲುತ್ತಿರುವ ಪ್ಲಾಸ್ಟಿಕ್ 79,000 ಟನ್, ಚೂರುಗಳ ಸಂಖ್ಯೆ 1.8 ಲಕ್ಷ ಕೋಟಿ. ಈ ಅಂಕಿಗಳನ್ನು ಭಾಗಿಸಿ ನಮ್ಮ ಹೊಲದ ಲೆಕ್ಕಕ್ಕೆ ತಂದರೆ, ಒಂದು ಎಕರೆ ನೀರಿಗೆ ಸರಾಸರಿ 200 ಗ್ರಾಂ, ಸುಮಾರು 4,500 ಚೂರು ಬರುತ್ತದೆ. ಒಂದು ಎಕರೆ ಎರೆ ಹೊಲದಲ್ಲಿ ಎರಡು ಮುಷ್ಟಿ ಕುಸುಬಿ ಚೆಲ್ಲಿದಂತೆ ಎಂದು ತಿಳಿಯಿರಿ. ನಡೆದಾಡುವ ಮಾತು ದೂರವೇ ಉಳಿಯಿತು, ಹಡಗಿನ ಮೇಲೆ ನಿಂತವರಿಗೆ ಬಹುಪಾಲು ಕಣ್ಣಿಗೇ ಬೀಳುವುದಿಲ್ಲ. ದ್ವೀಪವಾಗಿದ್ದರೆ ಹಡಗು ಕಟ್ಟಿ ಎಳೆದು ತರಬಹುದಿತ್ತು. ಹೀಗೆ ಚೆಲ್ಲಾಪಿಲ್ಲಿ ಹರಡಿರುವುದೇ ತೊಡಕಿನ ಮೂಲ.

ಇನ್ನು ಅದು ಚೂರಾಗುವ ಬಗೆ. ಇದಕ್ಕೆ ಸಮುದ್ರಕ್ಕೆ ಹೋಗಬೇಕಿಲ್ಲ, ಮಾಳಿಗೆ ಹತ್ತಿದರೆ ಸಾಕು. ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಬಕೀಟು ಎರಡು ಮೂರು ಬೇಸಿಗೆ ಕಳೆದ ಮೇಲೆ ಕಿವಿ ಹಿಡಿದು ಎತ್ತಿದರೆ ಕಿವಿ ಮಾತ್ರ ಕೈಗೆ ಬರುತ್ತದೆ; ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಸವರಿದರೆ ಬೆರಳಿಗೆ ಬಿಳಿ ಪುಡಿ ಹತ್ತುತ್ತದೆ. ಸೂರ್ಯನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುತ್ತವೆ, ವಸ್ತು ಪೆಡಸಾಗಿ ಒಡೆಯುತ್ತದೆ. ಆದರೆ ಇದು ಎಲೆ ಕೊಳೆತು ಮಣ್ಣಾಗುವಂಥ ಬದಲಾವಣೆಯಲ್ಲ. ಒಡೆದ ಚೂರು ಚಿಕ್ಕದಾದರೂ ಪ್ಲಾಸ್ಟಿಕ್ಕಾಗಿಯೇ ಇರುತ್ತದೆ. ಒಂದು ಸೆಂಟಿಮೀಟರ್ ಘನದ ತುಂಡು ಒಂದು ಮಿಲಿಮೀಟರ್ ಘನಗಳಾಗಿ ಒಡೆದರೆ ಸಾವಿರ ಕಣಗಳಾಗುತ್ತವೆ, ಒಟ್ಟು ಮೇಲ್ಮೈ ಹತ್ತು ಪಟ್ಟಾಗುತ್ತದೆ. ನೀರಿನಲ್ಲಿರುವ ಡಿಡಿಟಿಯಂಥ ವಿಷ ಅಂಟಿಕೊಳ್ಳಲು ಹತ್ತು ಪಟ್ಟು ಜಾಗ ಸಿಕ್ಕಂತಾಯಿತು. ಐದು ಮಿಲಿಮೀಟರಿಗಿಂತ ಚಿಕ್ಕ ಇಂಥ ಚೂರುಗಳನ್ನೇ ಸೂಕ್ಷ್ಮ ಪ್ಲಾಸ್ಟಿಕ್ ಎನ್ನುವುದು. 2004ರಲ್ಲಿ ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಬರೆದ ಲೇಖನದಿಂದ ಆ ಪದ ಚಾಲ್ತಿಗೆ ಬಂತು.

ಬಾಟಲಿ ಕರಗಲು 450 ವರ್ಷ ಬೇಕು ಎಂದು ಗೋಡೆಗಳ ಮೇಲೆಲ್ಲ ಬರೆಸಿರುವುದನ್ನು ನೋಡಿದಾಗ ನನಗೆ ನಗು ಬರುತ್ತದೆ. ಆ ಜಾತಿಯ ಬಾಟಲಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕದ್ದೇ 1973ರಲ್ಲಿ. ಅದರ ಆಯುಷ್ಯವನ್ನು ಕಣ್ಣಾರೆ ಎಣಿಸಿದವರು ಯಾರು?

ಅಂಕೋಲೆಯ ಮಗಳು, ಈಗ ಹುಬ್ಬಳ್ಳಿ

ಮೇಷ್ಟ್ರ ಮಾತಿಗೆ ಸಮುದ್ರದ ದಂಡೆಯಲ್ಲಿ ಬೆಳೆದವಳಾಗಿ ಒಂದಿಷ್ಟು ಸೇರಿಸುತ್ತೇನೆ. ನನ್ನ ತವರಿನಲ್ಲಿ ಈಗಲೂ ರಂಪಣಿ ಎಳೆಯುತ್ತಾರೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಆಕಾರದಲ್ಲಿ ಬಲೆ ಬಿಟ್ಟು, ದಂಡೆಯ ಮೇಲೆ ಎರಡು ಸಾಲು ಜನ ನಿಂತು ಎಳೆದಾಗ, ಮಳೆಗಾಲ ಕಳೆದ ಮೊದಲ ವಾರಗಳಲ್ಲಿ ಮೀನಿನ ಜೊತೆ ಬರುವ ಪ್ಲಾಸ್ಟಿಕ್ಕನ್ನು ಬಲೆಯ ಕಣ್ಣುಗಳಿಂದ ಬಿಡಿಸುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಒಮ್ಮೆ ಅಣ್ಣ ಒಂದು ಚುನಮರಿ ಚೀಲ ಎತ್ತಿ ತೋರಿಸಿ, "ಇದು ನಿಮ್ಮ ಹುಬ್ಬಳ್ಳಿಯಿಂದಲೇ ಬಂದದ್ದು ನೋಡು" ಎಂದು ತಮಾಷೆ ಮಾಡಿದ್ದ. ಅದರ ಮೇಲೆ ಊರ ಹೆಸರು ಇರಲಿಲ್ಲ ಎನ್ನಿ. ಆದರೂ ಮದುವೆಯಾಗಿ ಘಟ್ಟ ಹತ್ತಿದವಳಿಗೆ ತಾಗುವ ಮಾತು ಅದು.

ನಮ್ಮ ಸಮುದ್ರದಲ್ಲಿ ಪೆಸಿಫಿಕ್ಕಿನಂಥ ಖಾಯಂ ಕಸದ ಸುಳಿ ಇಲ್ಲ. ಅಲ್ಲಿ ವರ್ಷವಿಡೀ ಒಂದೇ ದಿಕ್ಕಿಗೆ ಸುತ್ತುವ ಪ್ರವಾಹಗಳಿವೆ, ತೇಲುವುದೆಲ್ಲ ನಡುವಿಗೆ ಬಂದು ಸೇರುತ್ತದೆ. ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಉತ್ತರದಲ್ಲಿ ನೆಲ ಅಡ್ಡವಿದೆ, ಮೇಲಾಗಿ ಮಾನ್ಸೂನ್ ಗಾಳಿಯ ಜೊತೆ ಪ್ರವಾಹವೂ ದಿಕ್ಕು ಬದಲಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರು ದಕ್ಷಿಣಕ್ಕೆ ಸರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. ಹೀಗಾಗಿ ನದಿ ತಂದು ಸುರಿದದ್ದು ಒಂದೆಡೆ ನೆಲೆ ನಿಲ್ಲದೆ ಅತ್ತಿತ್ತ ಓಲಾಡಿ, ಬಹಳಷ್ಟು ಮತ್ತೆ ಯಾವುದೋ ದಂಡೆಗೇ ಬಂದು ಬೀಳುತ್ತದೆ.

2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಮುಳುಗಿತಲ್ಲ, ಅದರಲ್ಲಿ ಪ್ಲಾಸ್ಟಿಕ್ ಕಾರ್ಖಾನೆಗಳು ಕಚ್ಚಾ ಮಾಲಾಗಿ ಬಳಸುವ ಬಿಳಿ ಕಾಳುಗಳಿದ್ದವು, ನೋಡಲು ಥೇಟ್ ಸಾಬೂದಾಣಿಯಂತೆ. ಅವು ಹೋಗಿ ಬಿದ್ದದ್ದು ದಕ್ಷಿಣದ ತಿರುವನಂತಪುರದ ಕಡೆಯ ದಂಡೆಗಳಿಗೆ. ಹಡಗು ಅದೇ ಜಾಗದಲ್ಲಿ ಡಿಸೆಂಬರಿನಲ್ಲಿ ಮುಳುಗಿದ್ದರೆ ನಮ್ಮವರು ಗೋಕರ್ಣದಲ್ಲಿ ಜರಡಿ ಹಿಡಿದು ಕೂರಬೇಕಾಗುತ್ತಿತ್ತೋ ಏನೋ. 2021ರಲ್ಲಿ ಕೊಲಂಬೊ ಬಳಿ ಸುಟ್ಟು ಮುಳುಗಿದ ಎಕ್ಸ್‌ಪ್ರೆಸ್ ಪರ್ಲ್ ಹಡಗಿನಲ್ಲಿ ಇಂಥ ಕಾಳು ಸುಮಾರು 1,680 ಟನ್ ಇತ್ತು.

ಬೆಟಗೇರಿ ಓದುಗ, ಗದಗ

ಹಾಗಾದರೆ ಗದಗಿನ ನಾವು ನಿರಪರಾಧಿಗಳೆಂದು ಕಾಣುತ್ತದೆ! ತಮಾಷೆ ಬಿಡಿ, ಗಂಭೀರವಾಗಿಯೇ ಹೇಳುತ್ತಿದ್ದೇನೆ. ನಮ್ಮ ಜಿಲ್ಲೆಯ ಒಂದು ಪಾಲು ನೀರು ಬೆಣ್ಣೆಹಳ್ಳ, ಮಲಪ್ರಭೆಗಳಿಗೆ, ಇನ್ನೊಂದು ಪಾಲು ತುಂಗಭದ್ರೆಗೆ ಸೇರುತ್ತದೆ. ಮಲಪ್ರಭೆಯ ಹಾದಿಯಲ್ಲಿ ಹೊರಟ ಬಾಟಲಿಗೆ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು ಒಂದಾದ ಮೇಲೊಂದು ಎದುರಾಗುತ್ತವೆ. ತುಂಗಭದ್ರೆಯ ಹಾದಿಯಲ್ಲಿ ಹೊಸಪೇಟೆಯ ಅಣೆಕಟ್ಟೇ ಇದೆ. ಹೂಳು ತುಂಬಿ ಆ ಜಲಾಶಯದ ಸಾಮರ್ಥ್ಯ ಆರಂಭದ ಸುಮಾರು 133 ಟಿಎಂಸಿಯಿಂದ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಇಷ್ಟು ಮಣ್ಣನ್ನು ತಡೆದು ನಿಲ್ಲಿಸುವ ನಿಂತ ನೀರು ಮಣ್ಣು ಮೆತ್ತಿದ ಕ್ಯಾರಿಬ್ಯಾಗನ್ನು ಸುಮ್ಮನೆ ಬಿಟ್ಟೀತೇ? ಮಣ್ಣಿನೊಡನೆ ಅದೂ ತಳ ಸೇರುತ್ತದೆ. ಹಾವೇರಿಯ ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಆ ಜಿಲ್ಲೆಯವರಿಗೂ ಇದೇ ಮಾತು ಅನ್ವಯ.

ಬೇಡ್ತಿಯ ಸ್ಥಿತಿ ಹಾಗಿಲ್ಲ. 1980ರ ಆಸುಪಾಸಿನಲ್ಲಿ ಜನರ ವಿರೋಧಕ್ಕೆ ಮಣಿದು ಬೇಡ್ತಿ ಜಲವಿದ್ಯುತ್ ಯೋಜನೆ ನಿಂತಿತು, ಕಾಡು ಉಳಿಯಿತು, ಅದಕ್ಕಾಗಿ ನಾವೆಲ್ಲ ಋಣಿಗಳು. ಆದರೆ ದೊಡ್ಡ ಅಣೆಕಟ್ಟಿಲ್ಲದ ನದಿ ಎಂದರೆ ಕಸಕ್ಕೂ ತಡೆ ಇಲ್ಲದ ನದಿ. ಧಾರವಾಡದ ಪಶ್ಚಿಮದ ಗಟಾರಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ ಮಾಗೋಡು ಜಲಪಾತದ ಹೊರತು ಮತ್ತೇನಿದೆ?

ಸಂಖ್ಯಾಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಅಂಕಿಗಳ ವಿಚಾರ ಬಂದದ್ದರಿಂದ ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿ ಬರುವ "ವರ್ಷಕ್ಕೆ ಎಂಬತ್ತು ಲಕ್ಷ ಟನ್" ಎಂಬ ಮಾತಿನ ಮೂಲ 2015ರ ಒಂದು ಅಧ್ಯಯನ. ಅಮೆರಿಕದ ಜೆನ್ನಾ ಜಾಂಬೆಕ್ ಮತ್ತು ಸಂಗಡಿಗರು 192 ಕರಾವಳಿ ದೇಶಗಳನ್ನು ತೆಗೆದುಕೊಂಡು, 2010ರಲ್ಲಿ 48 ಲಕ್ಷದಿಂದ 1.27 ಕೋಟಿ ಟನ್ ಪ್ಲಾಸ್ಟಿಕ್ ಸಮುದ್ರ ಸೇರಿತೆಂದು ಅಂದಾಜಿಸಿದರು. ಅವರು ಎಣಿಸಿದ್ದು ಕರಾವಳಿಯಿಂದ 50 ಕಿಲೋಮೀಟರಿನ ಒಳಗೆ ವಾಸಿಸುವವರ ಕಸವನ್ನು ಮಾತ್ರ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಯಾವುದೂ ಆ ಪಟ್ಟಿಯ ಒಳಗೆ ಬರುವುದಿಲ್ಲ. ಆ ಲೆಕ್ಕದಲ್ಲಿ ನಮ್ಮ ಪಾಲು ಸೊನ್ನೆ.

2021ರ ಇನ್ನೊಂದು ಅಧ್ಯಯನ ನದಿಗಳನ್ನೇ ಹಿಡಿದು ಹೊರಟಿತು. ಅದಕ್ಕೂ ಮೊದಲು ಹತ್ತು ಮಹಾನದಿಗಳೇ ಬಹುಪಾಲು ನದಿ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ತರುತ್ತವೆ ಎಂಬ ಮಾತು ಪ್ರಚಾರದಲ್ಲಿತ್ತು. ಹೊಸ ಲೆಕ್ಕ ಅದನ್ನು ಬುಡಮೇಲು ಮಾಡಿತು: ವರ್ಷಕ್ಕೆ 8ರಿಂದ 27 ಲಕ್ಷ ಟನ್ ನದಿಗಳ ಮೂಲಕ ಹೋಗುತ್ತದೆ, ಅದರ 80 ಪ್ರತಿಶತ ತರುವುದು ಸಾವಿರಕ್ಕೂ ಹೆಚ್ಚು ನದಿಗಳು, ಅವುಗಳಲ್ಲಿ ಊರುಗಳ ನಡುವೆ ಹರಿಯುವ ಸಣ್ಣ ನದಿಗಳ ಪಾಲು ದೊಡ್ಡದು. ಮಳೆ ಜೋರು, ಇಳಿಜಾರು ಕಡಿದು, ಸಮುದ್ರ ಹತ್ತಿರ ಇದ್ದಷ್ಟೂ ಪ್ಲಾಸ್ಟಿಕ್ ದಾಟುವ ಸಾಧ್ಯತೆ ಹೆಚ್ಚು. ಗದಗದವರು ಅಣೆಕಟ್ಟು ಇಟ್ಟು ಹೇಳಿದ್ದನ್ನೇ ಇದು ಬೇರೆ ದಾರಿಯಿಂದ ಹೇಳುತ್ತದೆ: ಉದ್ದದ ಕೃಷ್ಣೆಗಿಂತ ಗಿಡ್ಡದಾದ, ಘಟ್ಟ ಇಳಿಯುವ ಗಂಗಾವಳಿಯ ಹಾದಿ ಸಲೀಸು.

ಒಂದು ಒಗಟು ಮಾತ್ರ ಉಳಿದಿತ್ತು. ವರ್ಷವರ್ಷವೂ ಇಷ್ಟು ಲಕ್ಷ ಟನ್ ಹೋಗುತ್ತಿದ್ದರೆ, 2014ರ ಅಂದಾಜಿನಲ್ಲಿ ಎಲ್ಲ ಸಾಗರಗಳ ಮೇಲೆ ತೇಲುತ್ತಿದ್ದದ್ದು ಬರಿಯ 2.69 ಲಕ್ಷ ಟನ್. ಉಳಿದದ್ದು ಎಲ್ಲಿ? 2023ರಲ್ಲಿ ಬಂದ ಲೆಕ್ಕ ಅಂತರವನ್ನು ಎರಡೂ ಕಡೆಯಿಂದ ಕಿರಿದು ಮಾಡಿತು. ತೇಲುವ ಜಾತಿಯ ಪ್ಲಾಸ್ಟಿಕ್ ಸಮುದ್ರಕ್ಕೆ ಹೋಗುವುದು ವರ್ಷಕ್ಕೆ 5 ಲಕ್ಷ ಟನ್ನಿನಷ್ಟು, ಸಮುದ್ರದಲ್ಲಿ ಈಗಾಗಲೇ ಇರುವುದು ಸುಮಾರು 32 ಲಕ್ಷ ಟನ್, ಅದರ ತೂಕದ ಬಹುಪಾಲು ಇನ್ನೂ ಪುಡಿಯಾಗದ ದೊಡ್ಡ ತುಂಡುಗಳಲ್ಲಿದೆ ಎನ್ನುತ್ತದೆ ಅದು. ಇವು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಯಾವುದನ್ನೂ ಸುಳ್ಳೆನ್ನಬೇಡಿ. 2015ರದು ಮುಳುಗುವುದನ್ನೂ ಸೇರಿಸಿತ್ತು, 2023ರದು ತೇಲುವುದನ್ನಷ್ಟೇ ಎಣಿಸಿದೆ.

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಹುಬ್ಬಳ್ಳಿ

ಭೇಷ್ ತಂಗಿ. ಮುಳುಗುವುದರ ಬಗ್ಗೆ ನಾನು ಬರೆಯಬೇಕಾಗಿತ್ತು, ಮರೆತೆ. ಸಮುದ್ರದ ನೀರಿನ ಸಾಂದ್ರತೆ 1.025ರಷ್ಟು. ಹಾಲಿನ ಪ್ಯಾಕೆಟ್ಟಿನ ಪಾಲಿಥಿನ್, ಗೊಬ್ಬರ ಚೀಲದ ಪಾಲಿಪ್ರೊಪಿಲಿನ್ ಅದಕ್ಕಿಂತ ಹಗುರ, ತೇಲುತ್ತವೆ. ನೀರಿನ ಬಾಟಲಿಯ ಪಿಇಟಿ 1.38, ಪೈಪಿನ ಪಿವಿಸಿ ಅದರ ಆಸುಪಾಸು, ನೈಲಾನ್ 1.14, ಇವು ಮುಳುಗುತ್ತವೆ. ಮುಚ್ಚಳ ಬಿಗಿದ ಬಾಟಲಿ ಒಳಗಿನ ಗಾಳಿಯ ಬಲದಿಂದ ತೇಲುತ್ತದೆ, ಮುಚ್ಚಳ ಹೋದ ದಿನ ಅದರ ಪ್ರಯಾಣ ತಳದ ಕಡೆಗೆ.

ಹಗುರವಾದದ್ದೂ ಮೇಲೆಯೇ ಉಳಿಯುವುದಿಲ್ಲ. ಕೆಲವೇ ದಿನಗಳಲ್ಲಿ ಅದರ ಮೇಲೆ ಲೋಳೆ ಕಟ್ಟುತ್ತದೆ, ಲೋಳೆಯ ಮೇಲೆ ಪಾಚಿ, ಪಾಚಿಯ ಮೇಲೆ ಚಿಪ್ಪಿನ ಜೀವಿಗಳು ಮನೆ ಮಾಡುತ್ತವೆ, ಭಾರ ಹೆಚ್ಚಿ ಕೆಳಗಿಳಿಯುತ್ತದೆ. ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಾಡುವ ಪುಟ್ಟ ಪ್ಲವಕ ಜೀವಿಗಳು ನುಂಗಿ ಹಿಕ್ಕೆಯ ರೂಪದಲ್ಲಿ ತಳಕ್ಕೆ ಕಳಿಸುವುದೂ ಉಂಟು. ಜಗತ್ತಿನ ಅತ್ಯಂತ ಆಳದ ಮರಿಯಾನಾ ಕಂದಕದಲ್ಲಿ 10,898 ಮೀಟರ್ ಕೆಳಗೆ ಪ್ಲಾಸ್ಟಿಕ್ ಚೀಲವೊಂದರ ಚಿತ್ರವನ್ನು ಜಪಾನಿನ ಸಂಶೋಧನಾ ಸಂಸ್ಥೆಯ ಯಂತ್ರ 1998ರಲ್ಲೇ ತೆಗೆದಿದೆ. ಅಲ್ಲಿ ಬೆಳಕಿಲ್ಲ, ಬಿಸಿಯಿಲ್ಲ. ಮಾಳಿಗೆಯ ಬಕೀಟಿಗೆ ಆದದ್ದು ಅಲ್ಲಿ ಆಗುವುದಿಲ್ಲ. ಆ ಚೀಲ ಹೆಚ್ಚುಕಡಿಮೆ ಹಾಗೆಯೇ ಇದ್ದುಬಿಡುತ್ತದೆ.

ಇನ್ನೊಂದು ವಿಚಿತ್ರ. ಪಾಚಿ ಹಿಡಿದ ಪ್ಲಾಸ್ಟಿಕ್ಕಿಗೆ ಗಂಧಕದ ಒಂದು ಸಂಯುಕ್ತದ ವಾಸನೆ ಬರುತ್ತದೆ. ಆಹಾರ ಹುಡುಕುವ ಕೆಲವು ಕಡಲ ಹಕ್ಕಿಗಳಿಗೆ "ಇಲ್ಲಿ ಊಟವಿದೆ" ಎಂದು ಸಾರುವ ವಾಸನೆಯೂ ಅದೇ ಎಂದು 2016ರಲ್ಲಿ ತೋರಿಸಿದರು. ಹಕ್ಕಿಗಳು ಪೆದ್ದಾಗಿ ಪ್ಲಾಸ್ಟಿಕ್ ತಿನ್ನುತ್ತವೆ ಎಂದುಕೊಂಡಿದ್ದೆವು. ಮೂಗು ಹೇಳಿದ್ದನ್ನು ಅವು ನಂಬಿ ಕೆಡುತ್ತಿವೆ.

ಎಪಿಎಂಸಿ ವ್ಯಾಪಾರಿ, ಬ್ಯಾಡಗಿ

ಎಲ್ಲವನ್ನೂ ಓದಿದೆ. ಒಂದು ಆಕ್ಷೇಪ ಇದೆ, ದಯವಿಟ್ಟು ಯಾರೂ ತಪ್ಪು ತಿಳಿಯಬಾರದು. ಪೆಸಿಫಿಕ್ ಕಸದ ತೂಕದಲ್ಲಿ ಅರ್ಧದ ಹತ್ತಿರ, 46 ಪ್ರತಿಶತ, ಮೀನುಗಾರರ ಬಲೆ ಎಂದು ಮೇಷ್ಟ್ರು ಹೇಳಿದ ಅದೇ 2018ರ ಅಧ್ಯಯನದಲ್ಲಿದೆ. ತಂಗಿಯವರು ಹೇಳಿದ 2023ರ ಲೆಕ್ಕದಲ್ಲೂ ಮೀನುಗಾರಿಕೆಯ ಪಾಲು ಅರ್ಧಕ್ಕೆ ಹತ್ತಿರ, ನದಿಗಳದ್ದು ಎಂಟರಲ್ಲಿ ಒಂದು ಭಾಗದಷ್ಟು. ಹೀಗಿರುವಾಗ ಘಟ್ಟದ ಮೇಲಿನ ನಮ್ಮ ಹಾಲಿನ ಪ್ಯಾಕೆಟ್ಟಿನ ಮೇಲೇ ಎಲ್ಲ ಹೊರೆ ಹೊರಿಸುವುದು ನ್ಯಾಯವೇ?

ಅಂಕೋಲೆಯ ಮಗಳು, ಈಗ ಹುಬ್ಬಳ್ಳಿ

ಅಣ್ಣಾವ್ರೇ, ನಿಮ್ಮ ಅಂಕಿ ಸರಿಯಿದೆ, ನಮ್ಮವರ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಹರಿದ ಬಲೆಯನ್ನು ದಂಡೆಗೆ ತಂದರೆ ಕೊಳ್ಳುವವರಿಲ್ಲ, ಇಡಲು ಜಾಗವಿಲ್ಲ, ಆದ್ದರಿಂದ ನೀರಿನಲ್ಲೇ ಬಿಡುವುದು ನಡೆದೇ ಇದೆ; ಯಾರೂ ಎಳೆಯದ ಆ ಬಲೆ ವರ್ಷಗಟ್ಟಲೆ ಮೀನು, ಆಮೆಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಕೇರಳದಲ್ಲಿ 2017ರಲ್ಲಿ ಕೊಲ್ಲಂ ಬಳಿಯ ನೀಂಡಕರ ಬಂದರಿನಿಂದ "ಶುಚಿತ್ವ ಸಾಗರಂ" ಆರಂಭಿಸಿ, ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಮೀನುಗಾರರೇ ಚೀಲದಲ್ಲಿ ತುಂಬಿ ತರುವಂತೆ ಮಾಡಿದರು. ತಂದದ್ದನ್ನು ತೊಳೆದು, ಪುಡಿ ಮಾಡಿ, ರಸ್ತೆಯ ಡಾಂಬರಿಗೆ ಬೆರೆಸಿದರು. ಆದರೆ ಎಂಟರಲ್ಲಿ ಒಂದು ಎಂಬುದು ಇಡೀ ಜಗತ್ತಿನ ಸರಾಸರಿ. ನನ್ನ ಅಣ್ಣನ ರಂಪಣಿಗೆ ಬರುವುದು ಪೆಸಿಫಿಕ್ಕಿನ ಕಸವಲ್ಲ, ಗಂಗಾವಳಿಯ ಬಾಯಿಂದ ಬಂದದ್ದು. ನಮ್ಮ ದಂಡೆಗೆ ಮೊಟ್ಟೆಯಿಡಲು ಬರುವ ಆಮೆಗೆ ಯಾರ ಪಾಲು ಎಷ್ಟೆಂಬ ಲೆಕ್ಕ ತಿಳಿಯದು.

ಗುಜರಿ ಅಂಗಡಿಯವ, ಗೋಕುಲ ರೋಡ್, ಹುಬ್ಬಳ್ಳಿ

ನಾನು ಹೆಚ್ಚು ಓದಿದವನಲ್ಲ. ನಾನು ಹೇಳಿದ್ದನ್ನು ಮಗ ಬರೆದುಕೊಡುತ್ತಿದ್ದಾನೆ. ಮೂವತ್ತು ವರ್ಷದಿಂದ ಗುಜರಿ ವ್ಯಾಪಾರ ಮಾಡುತ್ತಿರುವವನಾಗಿ ಒಂದು ಮಾತು ಹೇಳುತ್ತೇನೆ: ನೀವು ಹೇಳುತ್ತಿರುವ ಹಳ್ಳದಲ್ಲಿ ಎಲ್ಲ ಪ್ಲಾಸ್ಟಿಕ್ಕೂ ಹೋಗುವುದಿಲ್ಲ. ನಾವು ಬಿಟ್ಟದ್ದು ಮಾತ್ರ ಹೋಗುತ್ತದೆ.

ನೀರಿನ ಬಾಟಲಿ ಬೀದಿಯಲ್ಲಿ ಬಿದ್ದರೆ ಸಂಜೆಯೊಳಗೆ ಯಾರಾದರೂ ಆಯ್ದುಕೊಳ್ಳುತ್ತಾರೆ, ಅದಕ್ಕೆ ದರ ಇದೆ. ಒಡೆದ ಕೊಡ, ಬಕೀಟು, ಕುರ್ಚಿ, ಎಣ್ಣೆಯ ಡಬ್ಬಿ ಎಲ್ಲದಕ್ಕೂ ಇದೆ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ತಂದರೆ ಸಂತೋಷದಿಂದ ತೆಗೆದುಕೊಳ್ಳುತ್ತೇವೆ, ಅದು ಒಳ್ಳೆಯ ಮಾಲು. ಸುಟ್ಟು ಮೂಸಿದರೆ ಮೇಣದ ಬತ್ತಿಯ ವಾಸನೆ ಬರುತ್ತದೆ, ಅದರಿಂದಲೇ ಗುರುತು ಹಿಡಿಯುತ್ತೇವೆ. ಆದರೆ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿ ಬಿಸಾಡುತ್ತೀರಲ್ಲ, ಉಗುರಿನಷ್ಟು ತುಂಡು, ಅದನ್ನು ಈ ಊರಿನಲ್ಲಿ ಆಯುವವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಸೀಳಿ ಅಲ್ಲೇ ಜೋತು ಬಿಡುತ್ತೇವೆ.

ಎಲ್ಲಕ್ಕಿಂತ ಕೆಟ್ಟದ್ದು ಗುಟ್ಕಾ ಚೀಟಿ. ಅದನ್ನು ಬೆರಳಲ್ಲಿ ಹಿಡಿದು ಸುಲಿಯಲು ನೋಡಿ. ಹೊರಗೆ ಬಣ್ಣದ ಹಾಳೆ, ನಡುವೆ ಬೆಳ್ಳಿಯಂಥ ಲೇಪ, ಒಳಗೆ ಪಾಲಿಥಿನ್, ಮೂರೂ ಕಚ್ಚಿ ಹಿಡಿದಿರುತ್ತವೆ. ಬೇರೆ ಬೇರೆ ಜಾತಿಯವನ್ನು ಒಟ್ಟಿಗೆ ಕರಗಿಸಿದರೆ ಯಾವ ಮಾಲೂ ಆಗುವುದಿಲ್ಲ. ತೂಕಕ್ಕಂತೂ ಬರುವುದೇ ಇಲ್ಲ. ನನ್ನಲ್ಲಿಗೆ ಬರುವ ಒಬ್ಬ ಅಜ್ಜಿಯನ್ನು ಇದನ್ನೇಕೆ ಆಯುವುದಿಲ್ಲ ಎಂದು ಕೇಳಿದರೆ, "ದಿನಾ ಪೂರಾ ಬಗ್ಗಿದ್ರೂ ಒಂದು ಚಾ ಹುಟ್ಟಂಗಿಲ್ಲೋ ಯಪ್ಪಾ" ಎಂದಳು. ಸಮುದ್ರಕ್ಕೆ ಹೋಗುವುದು ಯಾವುದು ಎಂದು ತಿಳಿಯಬೇಕಾದರೆ ಆ ಅಜ್ಜಿ ಬಗ್ಗದೆ ಬಿಟ್ಟದ್ದನ್ನು ನೋಡಿ.

ಸಂಖ್ಯಾಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಕಾಕಾ, ನಿಮ್ಮ ಮಾತಿಗೆ ಒಂದು ಟಿಪ್ಪಣಿ. ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ತುಂಬಿ ಮಾರುವಂತಿಲ್ಲ ಎಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿದೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗುಗಳನ್ನು ಕರ್ನಾಟಕ ನಿಷೇಧಿಸಿದ್ದೂ ಅದೇ ವರ್ಷದ ಮಾರ್ಚಿನಲ್ಲಿ. ಸ್ಟ್ರಾ, ಪ್ಲಾಸ್ಟಿಕ್ ಚಮಚದಂಥವುಗಳ ಮೇಲೆ ಇಡೀ ದೇಶದ ನಿಷೇಧ ಬಂದದ್ದು 2022ರ ಜುಲೈ 1ರಂದು. ಗಟಾರದಲ್ಲಿ ತೇಲುವುದರಲ್ಲಿ ಬಹಳಷ್ಟು ಕಾಗದದ ಮೇಲೆ ಈಗಾಗಲೇ ಇಲ್ಲದ ವಸ್ತು.

ಕನ್ನಡ ಶಾಲೆಯ ಅಕ್ಕೋರು, ಹಾವೇರಿ

ಹಳ್ಳಕ್ಕೆ ಅಡ್ಡ ಜಾಳಿಗೆ ಕಟ್ಟೋಣ ಎಂದು ಯಾರಾದರೂ ಹೇಳುವ ಮೊದಲೇ ನಮ್ಮ ಊರಿನ ಅನುಭವ ಹೇಳಿಬಿಡುತ್ತೇನೆ. ಹಿಂದಿನ ವರ್ಷ ಓಣಿಯ ಹುಡುಗರು ಉತ್ಸಾಹದಿಂದ ಹಣ ಕೂಡಿಸಿ, ಬೇಲಿಗೆ ಹಾಕುವ ತಂತಿ ಜಾಳಿಗೆಯನ್ನು ಹಳ್ಳಕ್ಕೆ ದಂಡೆಯಿಂದ ದಂಡೆಗೆ ನೆಟ್ಟಗೆ ಕಟ್ಟಿದರು. ಮೊದಲ ಎರಡು ಸಣ್ಣ ಮಳೆಗಳಲ್ಲಿ ಕಸ ಚೆನ್ನಾಗಿಯೇ ಸಿಕ್ಕಿತು, ಎಲ್ಲರೂ ಫೋಟೋ ತೆಗೆಸಿಕೊಂಡರು. ಮೂರನೆಯ ಮಳೆ ಬಿದ್ದದ್ದು ನಡುರಾತ್ರಿ. ಜಾಳಿಗೆಯ ಕಣ್ಣುಗಳಿಗೆ ಹಾಳೆ ಮೆತ್ತಿ ಅದು ಗೋಡೆಯಂತಾಯಿತು, ನೀರು ಹಿಮ್ಮೆಟ್ಟಿ ದಂಡೆಯ ನಾಲ್ಕು ಮನೆಗಳ ಹೊಸ್ತಿಲು ದಾಟಿತು, ಕೊನೆಗೆ ಕಂಬ ಸಮೇತ ಕಿತ್ತು ಹೋಯಿತು. ಕೂಡಿಟ್ಟ ಕಸದ ಜೊತೆ ಜಾಳಿಗೆಯನ್ನೂ ವರದೆಗೆ ಕಾಣಿಕೆ ಕೊಟ್ಟಂತಾಯಿತು.

ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾದದ್ದು ಇಷ್ಟು: ತಡೆಯನ್ನು ತಳದವರೆಗೆ ಇಳಿಸಬಾರದು, ಮೇಲೆ ತೇಲುವಂತೆ ಕಟ್ಟಬೇಕು, ನೆಟ್ಟಗೆ ಬೇಡ, ಓರೆಯಾಗಿ ಕಟ್ಟಿದರೆ ಕಸ ತಾನೇ ಒಂದು ದಂಡೆಗೆ ಸರಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಪ್ರತಿ ಮಳೆಯ ನಂತರ ಖಾಲಿ ಮಾಡುವ ಆಳು ಬೇಕು. ಹುಡುಗರು ಜಾಳಿಗೆಗೆ ಹಣ ಕೂಡಿಸಿದ್ದರು, ಆಳಿಗೆ ಕೂಡಿಸಿರಲಿಲ್ಲ.

ಮತ್ತೊಂದು ಪ್ರಶ್ನೆ ಮೇಷ್ಟ್ರಿಗೆ. ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆಯಂತೆ, ಅದನ್ನು ಸಮುದ್ರಕ್ಕೆ ಬಿಡಬಹುದಲ್ಲವೇ ಎಂದು ಮಕ್ಕಳು ಕೇಳುತ್ತಾರೆ.

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು, ಹುಬ್ಬಳ್ಳಿ

ಸಿಕ್ಕಿರುವುದು ನಿಜ. ಜಪಾನಿನ ಸಕಾಯಿ ಎಂಬ ಊರಿನ ಬಾಟಲಿ ಮರುಬಳಕೆ ಘಟಕದ ಬಳಿ ಸಿಕ್ಕ ಅದರ ವಿವರ 2016ರಲ್ಲಿ ಪ್ರಕಟವಾಯಿತು. ಆದರೆ ಅದು ತಿನ್ನುವುದು ಪಿಇಟಿಯನ್ನು ಮಾತ್ರ. ತೆಳುವಾದ ಹಾಳೆಯನ್ನು 30 ಡಿಗ್ರಿ ಶಾಖದಲ್ಲಿಟ್ಟರೂ ಆರು ವಾರ ತೆಗೆದುಕೊಂಡಿತು. ಆಳ ಸಮುದ್ರದ ನಾಲ್ಕು ಡಿಗ್ರಿ ಚಳಿಯಲ್ಲಿ ಪಾಲಿಥಿನ್ ಚೀಲದ ಮುಂದೆ ಅದನ್ನು ಕೂರಿಸಿದರೆ ಉಪವಾಸವೇ ಗತಿ.

ಉಪ್ಪಿನ ವಿಷಯವನ್ನು ಯಾರೂ ಎತ್ತಲಿಲ್ಲ, ನಾನೇ ಹೇಳುತ್ತೇನೆ. ಐಐಟಿ ಬಾಂಬೆಯ ಸಂಶೋಧಕರು 2018ರಲ್ಲಿ ನಮ್ಮ ದೇಶದ ಸಮುದ್ರದ ಉಪ್ಪಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಚೂರು ಮತ್ತು ಎಳೆಗಳನ್ನು ಗುರುತಿಸಿದರು. ಸಮುದ್ರದ ನೀರನ್ನು ಮರಳಿನಲ್ಲಿ ಸೋಸಿದರೆ ತೂಕದ ಲೆಕ್ಕದಲ್ಲಿ 85 ಪ್ರತಿಶತಕ್ಕಿಂತ ಹೆಚ್ಚು ತೆಗೆಯಬಹುದೆಂದೂ ಹೇಳಿದರು. ಗಂಗಾವಳಿಯ ಬಾಯಿಂದ ಸ್ವಲ್ಪವೇ ದಕ್ಷಿಣಕ್ಕೆ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ ಎಂಬುದನ್ನು ಭೂಪಟದಲ್ಲಿ ನೋಡಿಕೊಳ್ಳಿ.

ಶಾಲ್ಮಲೆಯ ನೆರೆಯವ, ಧಾರವಾಡ

ಇಷ್ಟೆಲ್ಲ ಓದಿದ ಮೇಲೆ ಮನೆಯಲ್ಲಿ ಕೂರಲು ಮನಸ್ಸಾಗದೆ, ನಿನ್ನೆ ಭಾನುವಾರ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕಲಘಟಗಿಯ ಕಡೆಯ ಒಂದು ಸೇತುವೆಯವರೆಗೆ ಹೋಗಿ ಬಂದೆ. ನೀರು ಇಳಿದಿತ್ತು. ಸೇತುವೆಯ ಕೆಳಗೆ ಇಳಿದು ನೋಡಿದರೆ, ನನ್ನ ತಲೆಗಿಂತ ಒಂದು ಮೊಳ ಎತ್ತರದವರೆಗೆ ಲಕ್ಕಿ ಪೊದೆಗಳ ಕೊಂಬೆಗಳಲ್ಲೆಲ್ಲ ಹಾಳೆ ಸಿಕ್ಕಿಕೊಂಡಿತ್ತು, ಪ್ರವಾಹ ಎಷ್ಟು ಎತ್ತರಕ್ಕೆ ಬಂದಿತ್ತೆಂದು ಗೆರೆ ಎಳೆದ ಹಾಗೆ. ಒಂದೇ ಪೊದೆಯಲ್ಲಿ ಮಗಳು 61ರವರೆಗೆ ಎಣಿಸಿ ಬೇಸತ್ತು ಬಿಟ್ಟಳು. ಬಾಟಲಿ ಮೂರೇ ಮೂರು. ಉಳಿದವೆಲ್ಲ ಹಾಳೆ ಮತ್ತು ಚೀಟಿ. ಗುಜರಿ ಅಂಗಡಿಯ ಕಾಕಾ ಹೇಳಿದ್ದು ಅಕ್ಷರಶಃ ನಿಜ.

ಬೇರಿನ ಸಂದಿಯಲ್ಲಿ ಸಿಕ್ಕ ಕುರುಕಲು ತಿಂಡಿಯ ಒಂದು ಪೊಟ್ಟಣದ ಬಣ್ಣ ಹಾರಿ ಹೋಗಿತ್ತು, ಆದರೂ ತಯಾರಿಕೆಯ ವರ್ಷ 2017 ಎಂದು ಓದಲು ಬರುತ್ತಿತ್ತು. ಅಷ್ಟು ಮಳೆಗಾಲಗಳಲ್ಲಿ ಅದು ಸಮುದ್ರ ಮುಟ್ಟಿರಲಿಲ್ಲ. ಪಕ್ಕದಲ್ಲಿ ಬಿಸಿಲು ಬೀಳುವ ಕೊಂಬೆಯಲ್ಲಿದ್ದ ಒಂದು ಕ್ಯಾರಿಬ್ಯಾಗನ್ನು ಮಗಳು ಬಿಡಿಸಲು ಹೋದಾಗ ಅದು ಸುಟ್ಟ ಹಪ್ಪಳದಂತೆ ಅವಳ ಬೆರಳುಗಳ ನಡುವೆ ಪುಡಿಪುಡಿಯಾಗಿ ನೀರಿಗೆ ಉದುರಿತು. ಮೇಷ್ಟ್ರೇ, ನೀವು ಹೇಳಿದ ಮಾಳಿಗೆಯ ಬಕೀಟು ಇಲ್ಲಿ ಪೊದೆಪೊದೆಗೂ ನೇತಾಡುತ್ತಿದೆ. ಇದು ಸಮುದ್ರಕ್ಕೆ ಹೋದ ಮೇಲೆ ಚೂರಾಗುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲೇ ಚೂರಾಗಿ, ಯಾವ ಜಾಳಿಗೆಗೂ ಸಿಗದಷ್ಟು ಸಣ್ಣದಾಗಿ, ಮುಂದಿನ ಮಳೆಗೆ ಹೊರಡಲು ಕಾಯುತ್ತಿದೆ. ಮಗಳು ಪ್ರಬಂಧದ ದ್ವೀಪವನ್ನು ತಾನೇ ಹೊಡೆದು ಹಾಕಿದ್ದಾಳೆ.

ಗುಜರಿ ಅಂಗಡಿಯವ, ಗೋಕುಲ ರೋಡ್, ಹುಬ್ಬಳ್ಳಿ

ಪುಡಿಯಾಗುವುದನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಸರ್. ಇನ್ನೂ ಗಟ್ಟಿಯಿರುವ ಹಾಳೆಗಳನ್ನು ಮಳೆಗಾಲ ಮುಗಿಯುವ ಮೊದಲು ಬಿಡಿಸಿ, ಮಣ್ಣು ತೊಳೆದು, ಬಿಳಿಯದು ಬೇರೆ ಬಣ್ಣದ್ದು ಬೇರೆ ಮಾಡಿ ತಂದರೆ ನಾನು ತೂಕಕ್ಕೆ ಹಾಕಿಕೊಳ್ಳುತ್ತೇನೆ. ಚೀಟಿ ಮಾತ್ರ ತರಬೇಡಿ.

ಸಂಖ್ಯಾಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಗಂಗಾ ನದಿಯಲ್ಲಿ ಸಂಶೋಧಕರು ಬಾಟಲಿಗಳ ಒಳಗೆ ಜಿಪಿಎಸ್ ಇಟ್ಟು ತೇಲಿಬಿಟ್ಟಾಗ ಒಂದು ಬಾಟಲಿ 94 ದಿನಗಳಲ್ಲಿ 2,845 ಕಿಲೋಮೀಟರ್ ಸಾಗಿತ್ತು. ನಮಗೆ ಅಷ್ಟು ಖರ್ಚು ಬೇಡ, ಪ್ಲಾಸ್ಟಿಕ್ಕೂ ಬೇಡ. ಕಟ್ಟಿಗೆಯ ತುಂಡುಗಳಿಗೆ ಕಾದ ಕಬ್ಬಿಣದಿಂದ ಸಂಖ್ಯೆ ಬರೆದು, ಮುಂದಿನ ದೊಡ್ಡ ಮಳೆಯ ದಿನ ಆ ಸೇತುವೆಯಿಂದ ಬಿಟ್ಟರೆ ಹೇಗೆ? ನೂರರಲ್ಲಿ ಎಷ್ಟು ಗಂಗಾವಳಿಯ ಬಾಯಿ ಮುಟ್ಟುತ್ತವೆ ಎಂದು ನೋಡಬಹುದು. ಪೊದೆಗಳಲ್ಲಿ ಸಿಕ್ಕಿಬಿದ್ದದ್ದನ್ನು ನಾವು ಮರಳಿ ಹೋಗಿ ಎಣಿಸಬಹುದು.

ಅಂಕೋಲೆಯ ಮಗಳು, ಈಗ ಹುಬ್ಬಳ್ಳಿ

ಬಿಡುವ ದಿನ ನನಗೊಂದು ಸುದ್ದಿ ಕೊಡಿ, ಅಣ್ಣನಿಗೆ ಹೇಳಿಡುತ್ತೇನೆ. ಮಳೆಗಾಲದಲ್ಲಿ ಅವರು ಬಲೆ ಹಾಕುವುದಿಲ್ಲ, ಆದರೆ ದಂಡೆಗೆ ಬಂದ ಕಟ್ಟಿಗೆಯನ್ನು ಒಲೆಗೆಂದು ಆಯ್ದು ತರುವ ರೂಢಿ ಊರಿನಲ್ಲಿದೆ. ಸಂಖ್ಯೆ ಬರೆದದ್ದನ್ನು ಸುಡಬೇಡಿ ಎಂದು ಅತ್ತಿಗೆಗೂ ಹೇಳಬೇಕಾಗುತ್ತದೆ. ಅಕ್ಷರ ಮಾತ್ರ ದೊಡ್ಡದಾಗಿ ಬರೆಯಿರಿ, ಅಣ್ಣನಿಗೆ ಕನ್ನಡಕ ಹಾಕಿಕೊಂಡು ದಂಡೆಗೆ ಹೋಗಲು ನಾಚಿಕೆ.